ಕಾಫಿ ಸಿಪ್ಪೆ, ತೌಡು, ನುಚ್ಚಕ್ಕಿಯಲ್ಲಿ ಟ್ರೈಕೋಡರ್ಮಾ ಬೆಳೆಸಬಹುದಾ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಕೆಲವು ಮನೆಯವರು ಸೇರಿ ಗುಂಪು ಮಾಡಿಕೊಂಡಿದ್ದೇವೆ. ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ, ತೌಡು, ಉಮಿ, ನುಚ್ಚಕ್ಕಿ ಎಲ್ಲ ನಮ್ಮಲ್ಲೇ ಸಿಗುತ್ತೆ. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಟ್ರೈಕೋಡರ್ಮಾ, ಕಾಫಿ ಹಣ್ಣು ಕೊರೆಯುವ ಬೆರ್ರಿ ಬೋರರ್ ಹುಳುವಿಗೆ ಬವೇರಿಯಾ ಪ್ರತಿ ವರ್ಷ ಕೊಳ್ಳುತ್ತಿದ್ದೇವೆ. ಈ ತ್ಯಾಜ್ಯದಲ್ಲೇ ಇವನ್ನು ಬೆಳೆಸಿ, ನಾವೂ ಬಳಸಿ, ಮಿಕ್ಕಿದ್ದನ್ನು ಮಾರಬಹುದಾ? ಒಂದು ಪ್ಯಾಕೆಟ್ ತಂದು ಡ್ರಮ್ಮಿನಲ್ಲಿ ಬೆಲ್ಲದ ನೀರಿಗೆ ಹಾಕಿದರೆ ಸಾಕು, ತಾನೇ ಹೆಚ್ಚುತ್ತೆ ಅಂತಾರೆ. ಅದು ನಿಜಾನಾ?

ಉತ್ತರ:

ಟ್ರೈಕೋಡರ್ಮಾ ಖಂಡಿತ ಮಾಡಬಹುದು. ನಿಮ್ಮ ಜಾಗ, ನಿಮ್ಮ ಬೆಳೆ, ನಿಮ್ಮ ಹಂಗಾಮು ಮೂರೂ ಅದಕ್ಕೆ ಹೊಂದುತ್ತವೆ. ಬವೇರಿಯಾವನ್ನು ಮೊದಲ ವರ್ಷ ಮುಟ್ಟಬೇಡಿ. ಮಾರಾಟದ ಯೋಚನೆ ಸದ್ಯಕ್ಕೆ ಬಿಡಿ. ಡ್ರಮ್ಮಿನ ಬೆಲ್ಲದ ನೀರನ್ನಂತೂ ಪೂರ್ತಿ ಮರೆತುಬಿಡಿ. ಹೀಗೆ ಯಾಕೆ ಹೇಳುತ್ತಿದ್ದೇನೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಡ್ರಮ್ಮಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ನಂಬಿ ಜಾಸ್ತಿ ಜನ ಹಣ ಮತ್ತು ಶ್ರಮ ಕಳೆದುಕೊಳ್ಳುತ್ತಿದ್ದಾರೆ. ಟ್ರೈಕೋಡರ್ಮಾ ಒಂದು ಶಿಲೀಂಧ್ರ. ಅದಕ್ಕೆ ಗಾಳಿ ಬೇಕು. 200 ಲೀಟರ್ ಡ್ರಮ್ಮಿನ ಆಳದಲ್ಲಿ ಗಾಳಿ ಇರುವುದಿಲ್ಲ. ಕುದಿಸದ ನೀರಿನಲ್ಲಿ ಬ್ಯಾಕ್ಟೀರಿಯಾ ಮೊದಲೇ ಇರುತ್ತವೆ. ಬೆಲ್ಲ ಹಾಕಿದ ತಕ್ಷಣ ಅವು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ. ಶಿಲೀಂಧ್ರ ಚಿಗುರೊಡೆಯುವುದಕ್ಕೇ ಹಲವು ಗಂಟೆ ಬೇಕು. ಅಷ್ಟರಲ್ಲಿ ಡ್ರಮ್ಮು ಬೇರೆಯವರದ್ದಾಗಿರುತ್ತದೆ. ಮೂರನೇ ದಿನ ಹುಳಿ ವಾಸನೆ ಬರುತ್ತೆ, ನೊರೆ ಬರುತ್ತೆ, ಅದನ್ನು ನೋಡಿ ಚೆನ್ನಾಗಿ ಹೆಚ್ಚಿದೆ ಅಂದುಕೊಳ್ಳುತ್ತಾರೆ. ಹೆಚ್ಚಿದ್ದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ. ಪ್ಯಾಕೆಟ್‌ನಲ್ಲಿದ್ದ ಟ್ರೈಕೋಡರ್ಮಾ ಇದ್ದಷ್ಟೇ ಇರುತ್ತೆ, ಇಲ್ಲವೇ ಸಾಯುತ್ತೆ.

ಬೆಲ್ಲದ ನೀರಿನ ಈ ಮಾತು ಪೂರ್ತಿ ಆಧಾರವಿಲ್ಲದೆ ಹುಟ್ಟಿದ್ದಲ್ಲ. ಪ್ರಯೋಗಾಲಯದಲ್ಲಿ ಒಂದು ಲೀಟರ್ ನೀರಿಗೆ 30 ಗ್ರಾಂ ಕಾಕಂಬಿ, 5 ಗ್ರಾಂ ಯೀಸ್ಟ್ ಪುಡಿ ಹಾಕಿ ಟ್ರೈಕೋಡರ್ಮಾ ಬೆಳೆಸುತ್ತಾರೆ. ಆದರೆ ಅಲ್ಲಿ ಆ ದ್ರಾವಣವನ್ನು ಒತ್ತಡದ ಹಬೆಯಲ್ಲಿ ಬೇಯಿಸಿ, ಒಂದು ಜೀವವೂ ಉಳಿಯದಂತೆ ಮಾಡಿ, ಆಮೇಲೆ ಶುದ್ಧ ಕಲ್ಚರ್, ಅಂದರೆ ಬೇರೇನೂ ಬೆರೆಯದಂತೆ ಬೆಳೆಸಿದ ಟ್ರೈಕೋಡರ್ಮಾ, ಹಾಕುತ್ತಾರೆ. ಗಾಳಿಯಾಡಲು ಜಾಗ ಬಿಡುತ್ತಾರೆ. ಊರಿಗೆ ಬಂದಿದ್ದು ಬೆಲ್ಲ ಮಾತ್ರ. ಬೇಯಿಸುವುದು, ಗಾಳಿ, ಶುದ್ಧ ಕಲ್ಚರ್ ಮೂರೂ ದಾರಿಯಲ್ಲೇ ಬಿದ್ದುಹೋದವು.

ಇದು ನಮ್ಮಲ್ಲಷ್ಟೇ ಇರುವ ತೊಂದರೆಯಲ್ಲ. ಬ್ರೆಜಿಲ್‌ನಲ್ಲಿ ದೊಡ್ಡ ರೈತರು ಜಮೀನಿನಲ್ಲೇ ಟ್ಯಾಂಕ್ ಇಟ್ಟು ಹುಳು ಕೊಲ್ಲುವ ಬಿಟಿ ಬ್ಯಾಕ್ಟೀರಿಯಾ ಬೆಳೆಸಲು ಹೊರಟರು. ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದವರು ಮಾದರಿ ತೆಗೆದು ನೋಡಿದಾಗ ಬೇರೆ ಬ್ಯಾಕ್ಟೀರಿಯಾಗಳು ತುಂಬಿಕೊಂಡಿದ್ದವು. ಮನುಷ್ಯರಿಗೆ ಕಾಯಿಲೆ ತರಬಲ್ಲ ಜಾತಿಗಳೂ ಅದರಲ್ಲಿದ್ದವು. ಹಣವಿದ್ದವರ ಟ್ಯಾಂಕಿನ ಕಥೆಯೇ ಹೀಗಾದರೆ, ಪ್ಲಾಸ್ಟಿಕ್ ಡ್ರಮ್ಮಿನ ಬಗ್ಗೆ ಇನ್ನೇನು ಹೇಳುವುದು?

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ನನಗೆ ಅದರ ಮೇಲೆ ತುಂಬಾ ಗೌರವ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕ್ಯೂಬಾ ದೇಶಕ್ಕೆ ಕೀಟನಾಶಕ ಬರುವುದು ತೀರಾ ಕಡಿಮೆಯಾಯಿತು. ಅವರು ಹಳ್ಳಿಹಳ್ಳಿಯಲ್ಲಿ ಸಣ್ಣ ಘಟಕಗಳನ್ನು ಕಟ್ಟಿದರು. ಅವುಗಳ ಸಂಖ್ಯೆ 200 ದಾಟಿತು. ಅಕ್ಕಿ ಮಿಲ್ಲಿನ ಮತ್ತು ಸಕ್ಕರೆ ಕಾರ್ಖಾನೆಯ ಉಳಿಕೆಯಲ್ಲೇ ಬವೇರಿಯಾ, ಟ್ರೈಕೋಡರ್ಮಾ, ಬಿಟಿ ಬೆಳೆಸಿದರು. ಕಟ್ಟಡ ಸರಳ, ಸಾಮಾನು ಸರಳ. ಆದರೆ ಪ್ರತಿ ಘಟಕದಲ್ಲೂ ತರಬೇತಿ ಪಡೆದ ಹುಡುಗ ಹುಡುಗಿಯರಿದ್ದರು. ಮೂಲ ಕಲ್ಚರ್ ಕೇಂದ್ರ ಸಂಸ್ಥೆಗಳಿಂದ ಬರುತ್ತಿತ್ತು. ತಯಾರಾದ ಸರಕನ್ನು ಪರೀಕ್ಷಿಸುವ ವ್ಯವಸ್ಥೆಯಿತ್ತು. ತ್ಯಾಜ್ಯವನ್ನು ಔಷಧಿ ಮಾಡಿದ್ದು ಈ ಶಿಸ್ತು. ಸಿಪ್ಪೆ, ತೌಡು ಎಲ್ಲ ಕಡೆಯೂ ಪುಕ್ಕಟೆ ಸಿಗುತ್ತೆ. ಶುಚಿ ಮಾತ್ರ ದುಡಿದು ಗಳಿಸಬೇಕಾದದ್ದು.

ಟ್ರೈಕೋಡರ್ಮಾವೇ ಯಾಕೆ?

ಇದು ಮೂಲತಃ ಕಸ ತಿನ್ನುವ ಶಿಲೀಂಧ್ರ. ಎಲೆ, ಹುಲ್ಲು, ಕಟ್ಟಿಗೆಯಲ್ಲಿರುವ ಸೆಲ್ಯುಲೋಸನ್ನು ಒಡೆದು ಸಕ್ಕರೆ ಮಾಡಿಕೊಂಡು ಬದುಕುತ್ತೆ. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಲೋಮನ್ ದ್ವೀಪಗಳಲ್ಲಿ ಅಮೆರಿಕನ್ ಸೈನ್ಯದ ಹತ್ತಿಬಟ್ಟೆಯ ಟೆಂಟುಗಳು ಕೊಳೆತು ಹಾಳಾಗುತ್ತಿದ್ದವು. ಅದಕ್ಕೆ ಕಾರಣ ಹುಡುಕಿದಾಗ ಸಿಕ್ಕಿದ್ದು ಇದೇ ವಂಶದ ಒಂದು ಜಾತಿ. ಇವತ್ತು ಜಗತ್ತಿನ ಕಾರ್ಖಾನೆಗಳು ಸೆಲ್ಯುಲೋಸ್ ಒಡೆಯುವ ಕಿಣ್ವ ತಯಾರಿಸುವುದು ಬಹುಪಾಲು ಅದರ ಸಂತತಿಯಿಂದಲೇ.

ಈಗ ನಿಮ್ಮ ಮೆಣಸಿನ ಬಳ್ಳಿಗೆ ಬನ್ನಿ. ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತೆಯೇ ಕಂಡರೂ ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರಗಳ ಮೈಗೋಡೆಯಲ್ಲಿ ಕೈಟಿನ್ ಮುಖ್ಯ. ಇದರ ಮೈಗೋಡೆ ಬಹುಪಾಲು ಗ್ಲುಕಾನ್ ಮತ್ತು ಸೆಲ್ಯುಲೋಸ್‌ನಿಂದ ಆಗಿದೆ. ಅಂದರೆ ಕಾಫಿ ಸಿಪ್ಪೆಯಲ್ಲಿ ಬೆಳೆಯುತ್ತಾ ಟ್ರೈಕೋಡರ್ಮಾ ಸುರಿಸುವ ಕಿಣ್ವಗಳು ಅದರ ಶತ್ರುವಿನ ಮೈಗೋಡೆಯನ್ನೂ ಕರಗಿಸಬಲ್ಲವು. ಜೊತೆಗೆ ಬೇರಿನ ಸುತ್ತ ಜಾಗ ಹಿಡಿದುಕೊಳ್ಳುತ್ತೆ, ಗಿಡದ ಸ್ವಂತ ರಕ್ಷಣೆಯನ್ನೂ ಎಬ್ಬಿಸುತ್ತೆ. ಕೃಷಿ ತ್ಯಾಜ್ಯದಲ್ಲಿ ಬೆಳೆಸಲು ಇದಕ್ಕಿಂತ ಒಗ್ಗುವ ಜೀವಿ ನಿಮಗೆ ಸಿಗುವುದಿಲ್ಲ.

ಬವೇರಿಯಾ, ಮೆಟಾರೈಝಿಯಂ ಹಾಗಲ್ಲ. ಅವು ಕೀಟದ ಮೈಮೇಲೆ ಬದುಕಲು ಹುಟ್ಟಿದ ಶಿಲೀಂಧ್ರಗಳು. ಅವಕ್ಕೆ ಅಕ್ಕಿಯಂಥ ಪಿಷ್ಟ, ಸ್ವಲ್ಪ ಪ್ರೋಟೀನ್ ಬೇಕು. ಒರಟು ಸಿಪ್ಪೆಯಲ್ಲಿ ಬೇರೆ ಬೂಷ್ಟುಗಳ ಜೊತೆ ಪೈಪೋಟಿಯಲ್ಲಿ ಸೋಲುತ್ತವೆ. ಬಿಟಿಗೆ ಗಾಳಿ ಊದುವ ದೊಡ್ಡ ಪಾತ್ರೆಗಳು ಬೇಕು. ತೊಗರಿಯ ಕಾಯಿಕೊರಕಕ್ಕೆ ಬಳಸುವ ಎನ್‌ಪಿವಿ ಒಂದು ವೈರಸ್. ಅದು ಜೀವಂತ ಹುಳುವಿನ ಮೈಯಲ್ಲಿ ಮಾತ್ರ ಹೆಚ್ಚುತ್ತೆ. ಇವೆರಡನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ.

ಎರಡು ಹಂತದ ಕೆಲಸ

ಎಲ್ಲರೂ ಎಡವುವ ಜಾಗ ಇದು. ಪ್ಯಾಕೆಟ್ ತಂದು ನೇರವಾಗಿ ಸಿಪ್ಪೆಯ ರಾಶಿಗೆ ಸುರಿಯುತ್ತಾರೆ. ಹಾಗೆ ಮಾಡಬೇಡಿ. ಮೊದಲ ಹಂತದಲ್ಲಿ ಸ್ವಲ್ಪವೇ ನುಚ್ಚಕ್ಕಿಯಲ್ಲಿ, ಪೂರ್ತಿ ಶುದ್ಧವಾಗಿ, ಬೀಜಾಣು ತುಂಬಿ ತುಳುಕುವಂತೆ ಬೆಳೆಸಿಕೊಳ್ಳಿ. ಎರಡನೇ ಹಂತದಲ್ಲಿ ಅದನ್ನು ಕಳಿತ ಕಾಫಿ ಸಿಪ್ಪೆ ಮತ್ತು ಕೊಟ್ಟಿಗೆ ಗೊಬ್ಬರಕ್ಕೆ ಸೇರಿಸಿ ಹರಡಲು ಬಿಡಿ. ಮೊಸರಿಗೆ ಹೆಪ್ಪು ಹಾಕುವಾಗ ಹೆಪ್ಪು ಕೆಟ್ಟಿದ್ದರೆ ಹಾಲು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ ಅಲ್ವಾ, ಇಲ್ಲೂ ಹಾಗೇ.

ಒಂದು ಲೆಕ್ಕ ಹೇಳುತ್ತೇನೆ. ನಮ್ಮ ದೇಶದ ಕಾನೂನಿನ ಪ್ರಕಾರ ಟ್ರೈಕೋಡರ್ಮಾ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು. ಅಂಥ ಪುಡಿ 1 ಕೆಜಿಯನ್ನು 100 ಕೆಜಿ ಗೊಬ್ಬರಕ್ಕೆ ಬೆರೆಸಿದರೆ ಶುರುವಿನಲ್ಲಿ ಗ್ರಾಂ ಗೊಬ್ಬರಕ್ಕೆ 20 ಸಾವಿರ ಬರುತ್ತೆ. ನುಚ್ಚಕ್ಕಿಯಲ್ಲಿ ಚೆನ್ನಾಗಿ ಬೆಳೆದರೆ ಗ್ರಾಂಗೆ 100 ಕೋಟಿ ಬೀಜಾಣು ಸಿಗುವುದು ಸಾಧ್ಯ. ಅದನ್ನು ಅದೇ ಪ್ರಮಾಣದಲ್ಲಿ ಬೆರೆಸಿದರೆ ಗ್ರಾಂ ಗೊಬ್ಬರಕ್ಕೆ 1 ಕೋಟಿ. ಗೊಬ್ಬರದಲ್ಲಿ ಮತ್ತೆ ಬೆಳೆಯುವುದು ಆಮೇಲಿನ ಮಾತು. ರಾಶಿಯಲ್ಲಿರುವ ಉಳಿದ ಬೂಷ್ಟುಗಳ ಜೊತೆ ಗುದ್ದಾಡಲು ಈ ಶುರುವಿನ ಬಲ ಬೇಕೇ ಬೇಕು. ಮನೆಯಲ್ಲೇ ಬೆಳೆಸುವುದರ ನಿಜವಾದ ಲಾಭ ಇಲ್ಲಿದೆ. ಪ್ಯಾಕೆಟ್ಟಿನ ಹಣ ಉಳಿಯುವುದು ಸಣ್ಣ ಲಾಭ.

ಮೊದಲ ಹಂತ ಹೀಗಿರಲಿ. ಮೂಲ ಕಲ್ಚರನ್ನು ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಥವಾ ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಂಥ ಕಡೆಯಿಂದ ತನ್ನಿ. ಕೊನೆಯದರ ಪ್ರಾದೇಶಿಕ ಕೇಂದ್ರ ಕೊಡಗಿನ ಅಪ್ಪಂಗಳದಲ್ಲೇ ಇದೆ. ಮೆಣಸಿನ ಸೊರಗು ರೋಗಕ್ಕೆ ಅಂತಲೇ ಆರಿಸಿದ ತಳಿ ಕೇಳಿ. ಟ್ರೈಕೋಡರ್ಮಾದಲ್ಲಿ ನೂರಾರು ಜಾತಿಗಳಿವೆ, ಪ್ರತಿಯೊಂದರಲ್ಲೂ ಸಾಕಷ್ಟು ತಳಿಗಳಿವೆ. ಎಲ್ಲವೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅಂಗಡಿಯ ಪ್ಯಾಕೆಟ್ಟನ್ನು ಮೂಲ ಕಲ್ಚರ್ ಅಂತ ಬಳಸಬೇಡಿ. ಅದರಲ್ಲಿ ಬೇರೆ ಸೂಕ್ಷ್ಮಜೀವಿಗಳೂ ಗ್ರಾಂಗೆ 10 ಸಾವಿರದವರೆಗೆ ಇರಬಹುದು ಅಂತ ಕಾನೂನೇ ಬಿಟ್ಟಿದೆ. ನೇರವಾಗಿ ಮಣ್ಣಿಗೆ ಹಾಕಲು ಅದು ತೊಂದರೆಯಿಲ್ಲ. ಬೆಳೆಸಲು ಹೊರಟರೆ ಅವೂ ಜೊತೆಗೇ ಬೆಳೆಯುತ್ತವೆ.

ಶಾಖ ತಡೆಯುವ ಪಾಲಿಪ್ರೊಪಿಲೀನ್ ಚೀಲಕ್ಕೆ 200 ಗ್ರಾಂ ನುಚ್ಚಕ್ಕಿ, ಸುಮಾರು 100 ಮಿಲಿ ನೀರು ಹಾಕಿ. ಬೆಂದ ಮೇಲೆ ಅಕ್ಕಿ ಉದುರುದುರಾಗಿ ಇರಬೇಕು. ಮುದ್ದೆಯಾದರೆ ಒಳಗೆ ಗಾಳಿಯಾಡುವುದಿಲ್ಲ, ಬ್ಯಾಕ್ಟೀರಿಯಾ ಹಿಡಿಯುತ್ತೆ. ತೌಡು ಬಳಸುವುದಾದರೆ ಅದಕ್ಕೆ ಉಮಿ ಬೆರೆಸಿ. ತೌಡಿನಲ್ಲಿ ಪೋಷಕಾಂಶ ಚೆನ್ನಾಗಿದೆ, ಆದರೆ ಅದೊಂದೇ ಹಾಕಿದರೆ ಬೇಯುವಾಗ ಇಟ್ಟಿಗೆಯಾಗುತ್ತೆ. ಉಮಿಯಲ್ಲಿ ತಿನ್ನಲು ಹೆಚ್ಚೇನೂ ಇಲ್ಲ, ಅದು ಗಾಳಿಗೆ ದಾರಿ ಬಿಡುತ್ತೆ. ಚೀಲದ ಬಾಯಿಗೆ ಹತ್ತಿಯ ಬಿರಡೆ ಹಾಕಿ.

ದೊಡ್ಡ ಪ್ರೆಶರ್ ಕುಕ್ಕರ್ ಸಾಕು. 15 ಪೌಂಡ್ ಒತ್ತಡದಲ್ಲಿ ಒಳಗೆ 121 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ 40 ನಿಮಿಷ ಇಡಿ. ಕುಕ್ಕರಿನ ತಳದಲ್ಲಿ ಸಾಕಷ್ಟು ನೀರು, ಮೇಲೊಂದು ಸ್ಟ್ಯಾಂಡ್ ಇರಲಿ. ಚೀಲಗಳನ್ನು ಒತ್ತಿ ತುಂಬಬೇಡಿ, ನಡುವೆ ಹಬೆ ಓಡಾಡಬೇಕು. ಇಡ್ಲಿ ಪಾತ್ರೆಯ ಬರೀ ಹಬೆ 100 ಡಿಗ್ರಿ ದಾಟುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣು ಅಷ್ಟಕ್ಕೆ ಸಾಯುವುದಿಲ್ಲ. ಇಲ್ಲಿ ಹತ್ತು ನಿಮಿಷ ಉಳಿಸಲು ಹೋದರೆ ಇಡೀ ಕಂತು ಹೋಗುತ್ತೆ.

ಚೀಲ ಪೂರ್ತಿ ಆರಿದ ಮೇಲೆ ಕಲ್ಚರ್ ಹಾಕಬೇಕು. ಬಾಗಿಲು ಕಿಟಕಿ ಮುಚ್ಚಿದ, ಫ್ಯಾನ್ ನಿಲ್ಲಿಸಿದ ಸಣ್ಣ ಕೋಣೆ ಸಾಕು. ಮೇಜು, ಕೈ ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ. ಸ್ಪಿರಿಟ್ ಪೂರ್ತಿ ಆರಿದ ಮೇಲಷ್ಟೇ ದೀಪ ಹಚ್ಚಿ, ಬೆಂಕಿ ಅನಾಹುತ ಆಗುವುದು ಇಲ್ಲೇ. ಜ್ವಾಲೆಯ ಪಕ್ಕದಲ್ಲೇ ಚೀಲ ತೆರೆದು ಕಲ್ಚರ್ ಹಾಕಿ ತಕ್ಷಣ ಮುಚ್ಚಿ. ಆಮೇಲೆ 25ರಿಂದ 28 ಡಿಗ್ರಿ ಇರುವ ಜಾಗದಲ್ಲಿಡಿ. ಕತ್ತಲ ಕೋಣೆ ಬೇಡ, ಟ್ರೈಕೋಡರ್ಮಾಗೆ ಬೀಜಾಣು ಕಟ್ಟಲು ಬೆಳಕು ಬೇಕು. ನೇರ ಬಿಸಿಲು ಬೇಡ. ಎರಡು ಮೂರು ದಿನಕ್ಕೆ ಬಿಳಿ ಎಳೆ ಕಾಣುತ್ತೆ. ಆಗ ಚೀಲವನ್ನು ಹೊರಗಿಂದಲೇ ಕೈಯಲ್ಲಿ ಉಜ್ಜಿ ಗಂಟು ಬಿಡಿಸಿ. ನಾಲ್ಕೈದನೇ ದಿನದಿಂದ ಹಸಿರಾಗುತ್ತೆ. ಎಂಟು ಹತ್ತು ದಿನಕ್ಕೆ ಅಕ್ಕಿ ಪೂರ್ತಿ ಕಡು ಹಸಿರು.

ಹಸಿರೆಲ್ಲ ಟ್ರೈಕೋಡರ್ಮಾ ಅಲ್ಲ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ. ಧಾನ್ಯ, ಶೇಂಗಾ ಸಿಪ್ಪೆ, ಜೋಳದ ದಂಟು, ಇಂಥವುಗಳ ಮೇಲೆ ತಾನಾಗಿ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಕೂಡ ಹಸಿರೇ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತೆ. ಆ ವಿಷ ಯಕೃತ್ತಿಗೆ ಹಾನಿ ಮಾಡುತ್ತೆ, ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತೆ. ಸರಿಯಾಗಿ ಬೇಯದ ಚೀಲದಲ್ಲಿ ಅದು ಬೆಳೆದರೆ, ಅದನ್ನೇ ಔಷಧಿ ಅಂತ ಕೈಯಲ್ಲಿ ಕಲಸಿ ತೋಟಕ್ಕೆಲ್ಲ ಹರಡುವ ಅಪಾಯ ಇದೆ.

ಕಣ್ಣಿಗೆ ಒಂದಷ್ಟು ಗುರುತುಗಳಿವೆ. ಟ್ರೈಕೋಡರ್ಮಾ ಮೊದಲು ತೆಳು ಬಿಳಿ ಹೊದಿಕೆಯಾಗಿ ವೇಗವಾಗಿ ಹಬ್ಬುತ್ತೆ, ಆಮೇಲೆ ತೇಪೆ ತೇಪೆಯಾಗಿ ಎಲೆ ಹಸಿರಿಗೆ ತಿರುಗುತ್ತೆ. ಕೆಲವು ತಳಿಗಳಲ್ಲಿ ಕೊಬ್ಬರಿಯಂಥ ಸುವಾಸನೆ ಇರುತ್ತೆ. ಫ್ಲೇವಸ್ ಹಳದಿ ಮಿಶ್ರಿತ ಹಸಿರು. ಮುಟ್ಟಿದರೆ ಪುಡಿ ಹಾರುತ್ತೆ, ಒಂದೊಂದು ಕಾಳಿನ ಮೇಲೆ ಬಿಡಿ ಬಿಡಿಯಾಗಿ ಕೂರುತ್ತೆ. ನೀಲಿ ಹಸಿರಿದ್ದರೆ ಪೆನಿಸಿಲಿಯಂ ಇರಬಹುದು. ಕಪ್ಪು ಪುಡಿ, ಬೂದು ಬಣ್ಣದ ನೂಲಿನ ತುದಿಯಲ್ಲಿ ಕಪ್ಪು ಚುಕ್ಕೆ, ಹುಳಿ ನಾತ, ಜಿಗುಟು ನೀರು, ಇವು ಯಾವುದು ಕಂಡರೂ ಆ ಚೀಲ ಹೋಯಿತು ಅಂತಲೇ ಲೆಕ್ಕ. ವಾಸನೆ ನೋಡಲು ಚೀಲ ತೆರೆದು ಮೂಗಿಗೆ ಹಿಡಿಯಬೇಡಿ. ಅನುಮಾನ ಬಂದ ಚೀಲವನ್ನು ತೆರೆಯದೇ ಮತ್ತೆ ಕುಕ್ಕರಿನಲ್ಲಿ ಬೇಯಿಸಿ ಹೂತುಹಾಕಿ. ದನಕ್ಕೆ, ಕೋಳಿಗೆ ಯಾವತ್ತೂ ಹಾಕಬೇಡಿ.

ಆದರೂ ಕಣ್ಣನ್ನೊಂದೇ ನಂಬುವ ಹಾಗಿಲ್ಲ. ಪ್ರತಿ ಕಂತಿನ ಒಂದು ಚೀಲವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾಲೇಜಿಗೋ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜಿದೆ. ಎಣಿಕೆಯೂ ಕಷ್ಟವಲ್ಲ. 1 ಗ್ರಾಂ ಮಾದರಿಯನ್ನು 9 ಮಿಲಿ ಶುದ್ಧ ನೀರಿಗೆ ಹಾಕಿ ಕಲಕುತ್ತಾರೆ. ಅದರಿಂದ 1 ಮಿಲಿ ತೆಗೆದು ಮತ್ತೆ 9 ಮಿಲಿಗೆ. ಹೀಗೆ ಒಟ್ಟು ಐದು ಸಲ ಮಾಡಿದರೆ ಕೊನೆಯ ನಳಿಕೆಯ 1 ಮಿಲಿಯಲ್ಲಿ ಮಾದರಿಯ ಲಕ್ಷದಲ್ಲೊಂದು ಭಾಗ ಇರುತ್ತೆ. ಅದನ್ನು ತಟ್ಟೆಯ ಮೇಲೆ ಬೆಳೆಸಿದಾಗ 20 ಚುಕ್ಕೆ ಬಂದರೆ ಗ್ರಾಂಗೆ 20 ಲಕ್ಷ ಜೀವಂತ ಕಣ. ನಿಮ್ಮ ನುಚ್ಚಕ್ಕಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇರಬೇಕಾದ್ದರಿಂದ ಇನ್ನೂ ಎರಡು ಮೂರು ಸಲ ತೆಳುಗೊಳಿಸಬೇಕಾಗುತ್ತೆ. ನಿಮ್ಮ ಗುಂಪಿನ ಒಬ್ಬರು ಇದನ್ನು ಕಲಿತುಕೊಂಡರೆ ಅರ್ಧ ಕೆಲಸ ಗೆದ್ದ ಹಾಗೆ.

ಇನ್ನೊಂದು ಮಾತು. ಬೆಳೆದ ಚೀಲದಿಂದ ಮುಂದಿನ ಚೀಲಕ್ಕೆ, ಅದರಿಂದ ಮತ್ತೊಂದಕ್ಕೆ ಅಂತ ಎಳೆದುಕೊಂಡು ಹೋಗಬೇಡಿ. ಸಲದಿಂದ ಸಲಕ್ಕೆ ಬೀಜಾಣು ಕಡಿಮೆಯಾಗುತ್ತೆ, ರೋಗ ತಡೆಯುವ ಗುಣ ಇಳಿಯುತ್ತೆ, ಕಲಬೆರಕೆ ಏರುತ್ತೆ. ಪ್ರತಿ ಹಂಗಾಮಿಗೆ ಹೊಸ ಮೂಲ ಕಲ್ಚರ್ ತನ್ನಿ.

ಮಾಸ್ಕ್ ಹಾಕದೆ ಒಣ ಬೀಜಾಣು ಕೆದಕಬೇಡಿ. ದಮ್ಮು, ಅಲರ್ಜಿ ಇರುವವರು ಈ ಕೆಲಸಕ್ಕೆ ಬೇಡ. ನಿಮ್ಮಲ್ಲಿ ಯಾರಾದರೂ ಅಣಬೆ ಬೆಳೆಸುತ್ತಿದ್ದರೆ ಅವರ ಮನೆಯಿಂದ ದೂರ ಮಾಡಿ. ಅಣಬೆ ಚೀಲಗಳನ್ನು ಹಾಳು ಮಾಡುವ ಹಸಿರು ಬೂಷ್ಟು ಟ್ರೈಕೋಡರ್ಮಾವೇ.

ಸಿಪ್ಪೆಯ ರಾಶಿ

ಈಗ ಎರಡನೇ ಹಂತ. ಕಾಫಿ ಸಿಪ್ಪೆ ಈ ಕೆಲಸಕ್ಕೆ ಒಳ್ಳೆಯದು ಅಂತ ಮೊದಲೇ ಗೊತ್ತಾಗಿದೆ. ಮೆಣಸಿಗೆ ಟ್ರೈಕೋಡರ್ಮಾ ಕೊಡುವಾಗ ಕಾಫಿ ಸಿಪ್ಪೆ, ಚಹಾ ಕಸ, ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಇವುಗಳಲ್ಲಿ ಬೆಳೆಸಿ ಕೊಡಿ ಎಂಬ ಶಿಫಾರಸು ಇದೆ. ಆದರೆ ಹಸಿ ಸಿಪ್ಪೆಗೆ ನೇರ ಹಾಕಬಾರದು. ಪಲ್ಪಿಂಗ್‌ನಲ್ಲಿ, ಅಂದರೆ ಹಣ್ಣಿನಿಂದ ಬೀಜ ಬೇರ್ಪಡಿಸುವಾಗ, ಬಂದ ಸಿಪ್ಪೆಯನ್ನು ರಾಶಿ ಹಾಕಿದರೆ ಒಳಗೆ ಕೈ ಇಡಲಾರದಷ್ಟು ಬಿಸಿಯಾಗುತ್ತೆ. ಟ್ರೈಕೋಡರ್ಮಾಗೆ 40 ಡಿಗ್ರಿ ದಾಟಿದರೆ ಕಷ್ಟ. ರಾಶಿ ಬಿಸಿಯಾಗಿ, ಕಳಿತು, ತಾನಾಗಿ ತಣ್ಣಗಾಗುವ ತನಕ ಕಾಯಿರಿ. ಎರಡು ಮೂರು ತಿಂಗಳು ಬೇಕಾಗುತ್ತೆ. ನಡುವೆ ತಿರುವಿ ಹಾಕಿ. ಈ ಬಿಸಿ ಒಳ್ಳೆಯದೇ. ಸಿಪ್ಪೆಯಲ್ಲಿರುವ ಟ್ಯಾನಿನ್, ಕೆಫೀನ್ ಬಹಳಷ್ಟು ಒಡೆದುಹೋಗುತ್ತೆ.

ಮಲೆನಾಡಿನಲ್ಲಿ ಯಾವುದಕ್ಕೂ ಸುಣ್ಣ ಎರಚುವ ರೂಢಿ ಇದೆ. ಈ ರಾಶಿಗೆ ಬೇಡ. ಟ್ರೈಕೋಡರ್ಮಾಗೆ ಸ್ವಲ್ಪ ಹುಳಿ ಗುಣವೇ ಇಷ್ಟ. ಸುಣ್ಣ ಹಾಕಿದರೆ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಟ್ಟ ಹಾಗಾಗುತ್ತೆ.

ಅಡಿಕೆ ಸಿಪ್ಪೆಯನ್ನು ಇದಕ್ಕೆ ಸೇರಿಸಬೇಡಿ. ಅದರ ನಾರಿನಲ್ಲಿ ಲಿಗ್ನಿನ್ ಜಾಸ್ತಿ, ಬೇಗ ಕಳಿಯುವುದಿಲ್ಲ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ತಾಮ್ರವೂ ಅದರ ಮೇಲೆ ಉಳಿದಿರಬಹುದು. ತೋಟದ ಹೊದಿಕೆಗೆ ಅದು ಚೆನ್ನಾಗಿದೆ, ಅಲ್ಲೇ ಇರಲಿ. ಹಾಗೆಯೇ ಶಿಲೀಂಧ್ರನಾಶಕ ಹೊಡೆದ ಬೆಳೆಯ ಯಾವ ಉಳಿಕೆಯೂ ಬೇಡ.

ತಣ್ಣಗಾದ, ಕಳಿತ ಸಿಪ್ಪೆ ಮತ್ತು ಕೊಟ್ಟಿಗೆ ಗೊಬ್ಬರ ಸೇರಿಸಿ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ನುಚ್ಚಕ್ಕಿಯಲ್ಲಿ ಬೆಳೆದ ಟ್ರೈಕೋಡರ್ಮಾ 1 ಕೆಜಿ. ನೆರಳಿನಲ್ಲಿ ಒಂದು ಅಡಿಗಿಂತ ಎತ್ತರ ಬೇಡ. ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒದ್ದೆ ಗೋಣಿ ಮುಚ್ಚಿ. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ. ರಾಶಿ ಮತ್ತೆ ಬಿಸಿಯಾಗುತ್ತಿದ್ದರೆ ಹರಡಿ ತೆಳು ಮಾಡಿ. 15 ದಿನದೊಳಗೆ ಬಳಸಲು ತಯಾರು. ಸಾವಿರ ಬಳ್ಳಿಗೆ ತಲಾ 1 ಕೆಜಿ ಅಂದರೂ ನಿಮಗೆ ಬೇಕಾದ್ದು 10 ಕೆಜಿ ಹಸಿರು ಅಕ್ಕಿ, ಸುಮಾರು 35 ಚೀಲ. ಒಂದು ಕುಕ್ಕರಿನಲ್ಲಿ ಕಂತು ಕಂತಾಗಿ ಬೇಯಿಸಿದರೂ ಆಗುವಷ್ಟೇ ಕೆಲಸ.

ಹಂಗಾಮು ನಿಮಗೆ ಹೇಗೆ ಒದಗಿಬರುತ್ತೆ ನೋಡಿ. ಕಾಫಿ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿ. ಸಿಪ್ಪೆ ರಾಶಿ ಆಗಲೇ ಬೀಳುತ್ತೆ. ಅದು ಕಳಿಯುವ ಹೊತ್ತಿಗೆ ಏಪ್ರಿಲ್. ಗಾಳಿ ಒಣಗಿರುವ ಈ ತಿಂಗಳುಗಳಲ್ಲಿ ಚೀಲಗಳಿಗೆ ಕಲಬೆರಕೆ ಕಡಿಮೆ. ಮೇ ಮೊದಲ ವಾರಗಳಲ್ಲಿ ರಾಶಿಗೆ ಬೆರೆಸಿ, ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ನೆನೆದ ಕೂಡಲೇ ಬಳ್ಳಿಯ ಬುಡಕ್ಕೆ ಹಾಕಬಹುದು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ರಾಶಿ ನೆನೆಯದಂತೆ ಮೇಲೊಂದು ಹೊದಿಕೆ ಬೇಕು. ಜುಲೈನಲ್ಲಿ ಚೀಲ ಮಾಡಲು ಹೋಗಬೇಡಿ. ಮಳೆಗಾಲದ ಮಲೆನಾಡಿನಲ್ಲಿ ಗೋಡೆಯೇ ಬೂಷ್ಟು ಹಿಡಿಯುತ್ತೆ, ಇನ್ನು ಚೀಲ ಉಳಿಯುವುದು ಹೇಗೆ. ಮಾರಾಟದ ಪುಡಿಯಲ್ಲಿ ತೇವ ಶೇ 8 ಮೀರಬಾರದು ಎಂಬ ನಿಯಮ ಇದೆ. ಆ ಒಣಗಿಸುವ ತಲೆನೋವು ನಿಮಗೆ ಬೇಡ, ಹಸಿಯಾಗಿಯೇ ರಾಶಿಗೆ ಬೆರೆಸಿ ಮುಗಿಸಿ. ಆಗಸ್ಟ್ ಕೊನೆಗೆ ಎರಡನೇ ಸಲ ಹಾಕುವುದಿದ್ದರೆ ಒಣ ದಿನಗಳಲ್ಲೇ ಮಾಡಿಟ್ಟ ಕೆಲವು ಚೀಲಗಳನ್ನು ತೆರೆಯದೆ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ.

ಬುಡಕ್ಕೆ ಹಾಕಿದ ಮೇಲೆ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಸುರಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಅದು ಟ್ರೈಕೋಡರ್ಮಾವನ್ನು ಕೊಲ್ಲುತ್ತೆ. ತಾಮ್ರದ ಔಷಧಿಯನ್ನು ಬುಡಕ್ಕೆ ಹಾಕುವುದಿದ್ದರೆ ನಡುವೆ ಎರಡು ಮೂರು ವಾರ ಅಂತರ ಬಿಡಿ. ಸೊರಗು ರೋಗಕ್ಕೆ ಕೊಡುವ ಪೊಟ್ಯಾಸಿಯಂ ಫಾಸ್ಫೊನೇಟ್ ಜೊತೆ ತೊಂದರೆಯಿಲ್ಲ. ಇನ್ನು ಎಲೆ ಬಾಡಿ ಉದುರಲು ಶುರುವಾದ ಬಳ್ಳಿಯನ್ನು ಟ್ರೈಕೋಡರ್ಮಾ ಬದುಕಿಸುವುದಿಲ್ಲ. ಅದು ಮುಂಚೆ ಕಾಯುವ ಕೆಲಸ ಮಾಡುತ್ತೆ. ಬುಡದಲ್ಲಿ ನೀರು ನಿಲ್ಲುವ ತೋಟದಲ್ಲಿ ಮೊದಲು ಬಸಿಗಾಲುವೆ ತೆಗೆಯಿರಿ, ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ.

ಬವೇರಿಯಾ ಬೇಡ ಅಂದಿದ್ದು ಯಾಕೆ?

ಬೆರ್ರಿ ಬೋರರ್ ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಬವೇರಿಯಾ ಅದಕ್ಕೆ ನಿಜವಾಗಿ ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಾನೂನು ಕೇಳುವುದೇ ಗ್ರಾಂಗೆ 10 ಕೋಟಿ, ಟ್ರೈಕೋಡರ್ಮಾಗಿಂತ 50 ಪಟ್ಟು. ಬೆಳೆಯಲು ಎರಡು ವಾರಕ್ಕೂ ಜಾಸ್ತಿ ಬೇಕು, ಅಷ್ಟು ದಿನ ಕಲಬೆರಕೆ ತಡೆಯಬೇಕು. ಹುಳು ಕಾಯಿಯೊಳಗೆ ಹೊಕ್ಕ ಮೇಲೆ ಸಿಂಪಡಿಸಿದರೆ ತಾಗುವುದೇ ಇಲ್ಲ. ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣು ಆರಿಸುವುದರಿಂದ ಆಗುವ ಲಾಭ ಇದಕ್ಕಿಂತ ದೊಡ್ಡದು. ಹುಳುವನ್ನು ಸೆಳೆದು ಹಿಡಿಯುವ ಬಲೆ (ಟ್ರ್ಯಾಪ್) ಕಟ್ಟುವುದೂ ಅದಕ್ಕೆ ಸಹಾಯ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಿಮಗೆ ಹತ್ತಿರವೇ ಇದೆ. ಬವೇರಿಯಾ ಸಿಂಪಡಿಸಬೇಕಾದ ಸಮಯ ಅಲ್ಲಿ ಕೇಳಿಕೊಳ್ಳಿ, ಸದ್ಯಕ್ಕೆ ಕೊಂಡೇ ಬಳಸಿ.

ಇದಕ್ಕಿಂತ ದೊಡ್ಡ ಕಾರಣ ರೇಷ್ಮೆ. ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ರೇಷ್ಮೆ ಹುಳುವಿನ ಸುಣ್ಣಕಟ್ಟು ರೋಗಕ್ಕೆ ಒಂದು ಶಿಲೀಂಧ್ರವೇ ಕಾರಣ ಅಂತ ತೋರಿಸಿಕೊಟ್ಟ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆಗಳಲ್ಲಿ ಅದೊಂದು. ಆ ಶಿಲೀಂಧ್ರವೇ ನೀವು ಕೊಳ್ಳುವ ಬವೇರಿಯಾ ಬಾಸಿಯಾನಾ. ರಾಮನಗರ, ಮಂಡ್ಯ, ಕೋಲಾರ, ಚಿಕ್ಕಬಳ್ಳಾಪುರದ ಸಾವಿರಾರು ಮನೆಗಳು ಹುಳು ಸಾಕಿ ಬದುಕುತ್ತಿವೆ. ನಿಮ್ಮ ಪಕ್ಕದ ಹಾಸನ ಜಿಲ್ಲೆಯಲ್ಲೂ ರೇಷ್ಮೆ ಸಾಕುವವರಿದ್ದಾರೆ. ಲೇಬಲ್ ಇಲ್ಲದ, ಎಚ್ಚರಿಕೆ ಬರೆಯದ ಒಂದು ಚೀಲ ಕೈಯಿಂದ ಕೈಗೆ ಹೋಗಿ ಹಿಪ್ಪುನೇರಳೆ ತೋಟದ ಪಕ್ಕ ಬಿದ್ದರೆ ಒಂದು ಮನೆಯ ಇಡೀ ಬೆಳೆ ಸಾಯುತ್ತೆ. ಅವರು ಯಾರನ್ನು ಕೇಳಬೇಕು?

ಮಾರಾಟದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1968ರ ಕೀಟನಾಶಕ ಕಾಯ್ದೆಯಡಿ ಟ್ರೈಕೋಡರ್ಮಾ, ಬವೇರಿಯಾ ಎಲ್ಲ ಕೀಟನಾಶಕಗಳೇ. ಮಾರಬೇಕಾದರೆ ಕೇಂದ್ರದ ನೋಂದಣಿ ಸಮಿತಿಯಲ್ಲಿ ನೋಂದಣಿ, ತಯಾರಿಕೆಗೆ ಪರವಾನಗಿ, ತಳಿಯ ವಿವರ, ವಿಷಪರೀಕ್ಷೆಯ ದಾಖಲೆ ಎಲ್ಲ ಬೇಕು. ಸಾಲ್ಮೊನೆಲ್ಲಾ, ಶಿಗೆಲ್ಲಾ, ವಿಬ್ರಿಯೊ, ಇ. ಕೋಲೈ ಇರಲೇಬಾರದು ಅಂತಲೂ ತೋರಿಸಬೇಕು. ಅದೇ ಕಾಯ್ದೆಯ 38ನೇ ಸೆಕ್ಷನ್ ರೈತ ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಬಳಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಕುಕ್ಕರ್, ಕೋಣೆ, ಕಲಿಕೆ ಗುಂಪಿನದ್ದಾಗಲಿ. ಚೀಲ ಅವರವರದ್ದಾಗಲಿ, ಅವರವರ ತೋಟಕ್ಕೇ ಹೋಗಲಿ. ಹೊರಗಿನವರು ಹಣ ಕೊಡುತ್ತೇನೆ ಅಂದರೂ ಕೊಡಬೇಡಿ. ಕಲಿಯಲು ಬಂದರೆ ಮಾತ್ರ ಮನಸ್ಸು ಬಿಚ್ಚಿ ಕಲಿಸಿ.

ಮೊದಲ ವರ್ಷ ಐದೇ ಚೀಲದಿಂದ ಶುರು ಮಾಡಿ. ಐದೂ ಶುದ್ಧವಾಗಿ ಬಂದರೆ ಮುಂದಿನ ಕಂತಿಗೆ ಹತ್ತು. ತೋಟದಲ್ಲಿ ಒಂದೇ ತರಹದ ಜಾಗದ 20 ಬಳ್ಳಿಗೆ ಬರೀ ಗೊಬ್ಬರ ಮತ್ತು ಬೇವಿನ ಹಿಂಡಿ ಹಾಕಿ, ಟ್ರೈಕೋಡರ್ಮಾ ಹಾಕದೆ ಬಿಡಿ, ಪಟ್ಟಿ ಕಟ್ಟಿ ಗುರುತು ಮಾಡಿ. ದಸರಾ ಹೊತ್ತಿಗೆ ಎರಡೂ ಕಡೆ ಎಷ್ಟು ಬಳ್ಳಿ ಸೊರಗಿವೆ ಅಂತ ಎಣಿಸಿ ಬರೆದಿಡಿ. ಮುಂದಿನ ವರ್ಷ ಎಷ್ಟು ಚೀಲ ಮಾಡಬೇಕು ಅನ್ನೋದನ್ನು ಆ ಲೆಕ್ಕ ನೋಡಿ ತೀರ್ಮಾನಿಸಿ.